ಐಕರುವಾಳ ಕೈಯಲ್ಲಿದ್ದ ಗಡಿಗೆ

ಐಕರುವಾ ಜಗಳಗಂಟಿ ಎಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಿಲಿಮಂಜಾರೋ ಬೆಟ್ಟದ ಮಗ್ಗುಲಿನ ಆ ಊರಲ್ಲಿ ಅವಳ ಹೆಸರೆತ್ತಿದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಮ್ತೋರಿ. ಎಳೆಯ ಬಾಳೆಕಾಯಿಯನ್ನು ಎಲುಬಿನ ರಸದಲ್ಲಿ ಮೆತ್ತಗೆ ಬೇಯಿಸಿ, ಗಂಟಿಲ್ಲದಂತೆ ಮಸೆದು, ಮೇಲೆ ಬೆಣ್ಣೆ ಬಿಟ್ಟು ಬಾಣಂತಿಗೆ ಕೊಡುವ ಗಂಜಿ ಅದು. ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳಿಗೆ ಕರೆ ಬರುತ್ತಿತ್ತು. ಹಾಲು ಇಳಿಯದ ತಾಯಿಯ ಪಕ್ಕ ಹಾಲು ಇಳಿಯುವವರೆಗೂ ಕೂತು, ತುತ್ತು ತುತ್ತಾಗಿ ತಿನ್ನಿಸಿ, "ಈಗ ಎಡಗಡೆಗೆ ಹಾಕ್ಕೊ ಮಗೂನ, ಅದು ತುಂಬಿದೆ" ಎಂದು ಹೇಳಿ ಎದ್ದು ಬರುವಳು. ಊರಿನ ಅರ್ಧ ಮಕ್ಕಳು ಅವಳ ಗಡಿಗೆಯ ಋಣದಲ್ಲಿ ಬೆಳೆದವು. ಅವಳ ಸ್ವಂತ ಮಗ ಎಲಿಂಗಾಯಾ ಹುಟ್ಟಿದಾಗ ಅವಳ ತಾಯಿ ಮ್ತೋರಿ ಕಾಯಿಸಿದ್ದೂ ಅದೇ ಗಡಿಗೆಯಲ್ಲಿ.

ಆ ಗಡಿಗೆಯನ್ನು ಒಡೆಯುತ್ತೇನೆಂದು ಅವಳು ಪಟೇಲ ಸವಾಯಾನ ಅಂಗಳದಲ್ಲಿ ನಿಂತು ಹೇಳಿದ ದಿನ ಊರಿಗೆ ಊರೇ ಬೆಚ್ಚಿತು.

ಗಡಿಗೆ ಒಡೆಯುವುದೆಂದರೆ ಆ ಬೆಟ್ಟದಲ್ಲಿ ಸಣ್ಣ ಮಾತಲ್ಲ. ಅನ್ಯಾಯವಾದವಳು ತನ್ನವರಿಗೆ ಅನ್ನ ಬೇಯಿಸಿದ ಗಡಿಗೆಯನ್ನು ಹಾಡುಹಗಲಲ್ಲಿ, ಸಂತೆಯಲ್ಲಿ ನಾಲ್ಕು ಜನರೆದುರು, ತಪ್ಪು ಮಾಡಿದವನ ಹೆಸರು ಹೇಳಿ ನೆಲಕ್ಕೆ ಅಪ್ಪಳಿಸಿದರೆ ಆ ಮನೆತನವೂ ಹಾಗೇ ಚೂರಾಗುತ್ತದೆ. ಅದೂ ಕಿರಿಯರಿಂದ ಶುರುವಾಗಿ. ಪಾದ್ರಿ ಪ್ರತಿ ಭಾನುವಾರ "ನಾವು ಕ್ರೈಸ್ತರು, ಗಡಿಗೆಗೆ ಹೆದರುವವರಲ್ಲ" ಎನ್ನುತ್ತಿದ್ದರು. ಐಕರುವಾಳ ಮಾತು ಅವರ ಕಿವಿಗೆ ಬಿದ್ದಾಗ ಮಾತ್ರ ಮೆಲ್ಲಗೆ ಕೇಳಿದರಂತೆ, "ಯಾವ ಸಂತೆಯ ದಿನ ಅಂತೆ?"

ಅವಳಿಗಾದ ಅನ್ಯಾಯ ಇದು.

ಬ್ರಿಟಿಷರ ಯುದ್ಧವೆಂದರೆ ಏನೆಂದು ಐಕರುವಾಳಿಗೆ ಚಿಕ್ಕಂದಿನಿಂದ ಗೊತ್ತು. ಮೊದಲ ದೊಡ್ಡ ಯುದ್ಧದಲ್ಲಿ ಜರ್ಮನರನ್ನು ಓಡಿಸಿ ಬೆಟ್ಟಕ್ಕೆ ಬಂದ ಬ್ರಿಟಿಷರು ಅವಳ ಅಪ್ಪನ ತಲೆಯ ಮೇಲೆ ಮದ್ದುಗುಂಡಿನ ಪೆಟ್ಟಿಗೆ ಹೊರಿಸಿ ತೆಂಕಲಿಗೆ ಕರೆದೊಯ್ದಿದ್ದರು. ರುಫಿಜಿ ನದಿಯ ಕೆಸರಲ್ಲಿ ಭೇದಿ ಹತ್ತಿ ಅವನು ಸತ್ತ. ಅವಳಿಗೆ ಆಗ ಹನ್ನೆರಡು. ಮುಂದೆ ಮದುವೆಯಾಯಿತು, ಮಗ ಹುಟ್ಟಿದ, ಮಗನಿಗೆ ಐದು ತುಂಬುವಷ್ಟರಲ್ಲಿ ಗಂಡ ಎದೆಜ್ವರದಿಂದ ಹೋದ. ಉಳಿದದ್ದು ಒಂದು ಬಾಳೆತೋಟ, ಒಂದು ಹಸು, ಎಲಿಂಗಾಯಾ.

ಎರಡನೆಯ ಯುದ್ಧ ಬಂದಾಗ ಊರೂರಿಗೂ ಹುಕುಂ ಬಂತು. ಪಟೇಲರು ಇಷ್ಟಿಷ್ಟು ಗಂಡಾಳುಗಳನ್ನು ಕೊಡಬೇಕು. ಪೇಟೆಯ ಕಚೇರಿಯಿಂದ ಬಂದ ಪಟ್ಟಿಯಲ್ಲಿ ಪಟೇಲನ ಮಗ ಅನಾಎಲಿಯ ಹೆಸರೂ ಇತ್ತು. ಆ ವಾರ ಸವಾಯಾ ದಾರಿಯಲ್ಲಿ ಎಲಿಂಗಾಯಾನನ್ನು ನಿಲ್ಲಿಸಿ, ಬೆಳಿಗ್ಗೆ ಬೇಗ ನಾಲೆಯ ತಲೆಗೆ ಬಾ, ಒಡ್ಡು ಕಿತ್ತುಹೋಗಿದೆ ಎಂದ. ನಾಲೆ ಎಲ್ಲರ ತೋಟಕ್ಕೂ ನೀರು ತರುವುದು. ಅದರ ಕೆಲಸಕ್ಕೆ ಕರೆದರೆ ಯಾರೂ ಬರಲ್ಲ ಅನ್ನುವುದಿಲ್ಲ. ಐಕರುವಾ ಒಲೆಯ ಮೇಲೆ ಬಾಳೆಕಾಯಿ ಇಟ್ಟು ಕಾದಳು. ಬಾಳೆಕಾಯಿ ತಳ ಹತ್ತಿತು. ನಾಲೆಯ ಹತ್ತಿರ ನಿಂತಿದ್ದುದು ಒಂದು ಲಾರಿ ಎಂದು ಅವಳಿಗೆ ತಿಳಿದದ್ದು ಮಧ್ಯಾಹ್ನ, ನೆರೆಮನೆಯ ಮಕ್ಯಾವೋ ಏದುಸಿರು ಬಿಡುತ್ತ ಬಂದು ಹೇಳಿದ ಮೇಲೆ.

ಮೂರು ವರ್ಷ ಸುದ್ದಿಯೇ ಇಲ್ಲ. ಉಳಿದವರ ಮನೆಗೆ ಕಾಗದಗಳು ಬರುತ್ತಿದ್ದವು. ಅವಳು ಪ್ರತಿ ಬಾರಿ ಹೋಗಿ, ಕಾಗದ ಹಂಚುವ ಪಾದ್ರಿಯ ಜಗಲಿಯಲ್ಲಿ ಕೂತು ಎದ್ದು ಬರುವಳು. ಸವಾಯಾನಿಗೆ ಸರ್ಕಾರ ಹಿತ್ತಾಳೆ ಗುಂಡಿಯ ಖಾಕಿ ಕೋಟು ಕೊಟ್ಟಿತ್ತು, ಕೇಳಿದಷ್ಟು ಆಳುಗಳನ್ನು ತಪ್ಪದೆ ಒಪ್ಪಿಸಿದ್ದಕ್ಕೆ. ಅನಾಎಲಿ ಮನೆಯಲ್ಲೇ ಇದ್ದ. ಕಾಲಲ್ಲಿ ಹುಣ್ಣು, ಅದಕ್ಕೇ ಬಿಟ್ಟರು ಎಂದು ಅವನಪ್ಪ ಹೇಳಿದ್ದನ್ನು ಊರು ನಂಬಿತ್ತು.

ಯುದ್ಧ ಮುಗಿದ ಮೇಲೆ ಮಟೇಯಾ ಎಂಬ ಸಿಪಾಯಿ ತಿರುಗಿ ಬಂದ. ಎಲಿಂಗಾಯಾನ ಜೊತೆಗೇ ಹೋದವನು. ಎಡಗೈಯ ಎರಡು ಬೆರಳು ಇರಲಿಲ್ಲ. ಐಕರುವಾಳ ಅಂಗಳಕ್ಕೆ ಬಂದು ಅವನು ಟೋಪಿ ತೆಗೆದ.

"ಅವ್ವಾ, ಅಲ್ಲಿ ಅವನು ಎಲಿಂಗಾಯಾ ಆಗಿರ್ಲಿಲ್ಲ."

"ಹಾಗಂದ್ರೆ?"

"ಅನಾಎಲಿ ಅಂತ ಕರೆದ್ರೆ ಓ ಅನ್ನು ಅಂತ ಪಟೇಲ್ರು ಹೇಳಿಕೊಟ್ಟಿದ್ರು. ಎರಡೇ ತಿಂಗಳ ರಸ್ತೆ ಕೆಲಸ, ನನ್ನ ಮಗನ ಕಾಲು ಸರಿ ಇಲ್ಲ, ನಿನ್ನ ಅವ್ವನ ಹಸುವಿಗೆ ಹುಲ್ಲು ನಾನು ಹಾಕಿಸ್ತೀನಿ ಅಂದ್ರಂತೆ. ಇವನು ನಂಬಿದ. ಆಮೇಲೆ ಕಾಗದದಲ್ಲೆಲ್ಲ ಅದೇ ಹೆಸರು. ನಾನಲ್ಲ ಅಂತ ಹೇಳೋಕೆ ಹೋದ್ರೆ ಸುಳ್ಳು ಹೆಸರು ಕೊಟ್ಟೋನು ಅಂತ ಜೈಲು. ಅದಕ್ಕೇ ನಿನಗೆ ಕಾಗದ ಬರೆಸೋಕೂ ಹೆದರ್ತಿದ್ದ."

"ಎಲ್ಲಿದಾನೆ ಈಗ?"

ಮಟೇಯಾ ನೆಲ ನೋಡಿದ. "ಬರ್ಮಾ ಅಂತ ದೇಶ. ಕಬಾವ್ ಕಣಿವೆ. ಮಳೆ ನಿಲ್ಲೋದೇ ಇಲ್ಲ ಅಲ್ಲಿ. ನಾವೇ ಮಣ್ಣು ಮಾಡಿದ್ವಿ ಅವ್ವಾ. ಹಲಗೆ ನೆಟ್ಟು ಹೆಸರು ಬರೆದ್ರು. ಅನಾಎಲಿ, ಸವಾಯಾನ ಮಗ ಅಂತ."

ಸಾವಿನ ಕಾಗದವೂ ಆ ಹೆಸರಿಗೇ ಹೋಗಿತ್ತು ಅಂದ ಮಟೇಯಾ, ಪಟೇಲನ ಮನೆಗೇ. ಒಂದು ವರ್ಷದ ಹಿಂದೆಯೇ. ಪಟೇಲ ಅದನ್ನು ಒಲೆಗೆ ಹಾಕಿ, ಮುಂದಿನ ಭಾನುವಾರ ಚರ್ಚಿನಲ್ಲಿ ಐಕರುವಾಳಿಗೆ "ಸುದ್ದಿ ಏನಾದ್ರೂ ಬಂತೇನಮ್ಮ?" ಎಂದು ಕೇಳಿದ್ದ.

ಅವಳು ಅಳಲಿಲ್ಲ. ಮಟೇಯಾನಿಗೆ ಉಣ್ಣಲಿಕ್ಕೆ ಇಟ್ಟಳು, ಅವನು ಉಂಡು ಹೋಗುವವರೆಗೂ ಎದುರಿಗೆ ಕೂತಳು. ಆಮೇಲೆ ಸೆರಗು ಬಿಗಿದು ಸೀದಾ ಪಟೇಲನ ಅಂಗಳಕ್ಕೆ ನಡೆದಳು.

"ಯುದ್ಧ ಅಂದ್ಮೇಲೆ ಹೆಸರು ಹೆಚ್ಚುಕಮ್ಮಿ ಆಗುತ್ತೆ ಕಣಮ್ಮ," ಅಂದ ಸವಾಯಾ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಬಿಳಿಯರಿಗೆ ನಮ್ಮ ಹೆಸರು ಬಾಯಿಗೇ ಬರಲ್ಲ."

"ನಾಲ್ಕು ಸಂತೆ ಕಾಯ್ತೀನಿ," ಅಂದಳು ಅವಳು. "ನಾಲ್ಕನೇದರ ದಿನ ಸಂತೆ ನಡುವೆ ನನ್ನ ಗಡಿಗೆ ಒಡೀತೀನಿ. ನಿನ್ನ ಹೆಸರು ಹೇಳೇ ಒಡೀತೀನಿ. ನನಗೆ ನಿನ್ನ ಹೆಸರು ಚೆನ್ನಾಗಿ ಬಾಯಿಗೆ ಬರುತ್ತೆ."

ಒಡೆಯುವ ಮೊದಲು ನಾಲ್ಕು ಸಂತೆ ಕಾಯಬೇಕೆನ್ನುವುದು ಕಟ್ಟಳೆ. ತಪ್ಪು ಮಾಡಿದವನಿಗೆ ಇಸಾಲೆ ಎಲೆ ಕಳಿಸಲು ಅದು ಅವಕಾಶ. ಇಸಾಲೆಯೆಂದರೆ ಎಲ್ಲರ ತೋಟದ ಬೇಲಿಯಲ್ಲೂ ಬೆಳೆಯುವ ಉದ್ದೆಲೆಯ ಗಿಡ. ಅದರ ಎಲೆಗೆ ಗಂಟು ಹಾಕಿ ತಪ್ಪಾಯಿತೆಂದು ಕಳಿಸಿದರೆ, ಅದು ಕೈಗೆ ತಾಗಿದವರು ಕ್ಷಮಿಸಲೇಬೇಕು. ಕೊಲೆಯಾದರೂ ಸರಿ. ಎಲೆಯನ್ನು ತಿರಸ್ಕರಿಸಿದರೆ ಶಾಪ ತಿರುಗಿ ಬರುತ್ತದೆ. ನಾಲ್ಕು ಸಂತೆ ಮುಗಿದ ಮೇಲೆ ಅವಳೇ ಕೈ ಚಾಚದೆ ಎಲೆ ನಡೆಯುವುದಿಲ್ಲ, ಗಡಿಗೆಯನ್ನು ಮಾತ್ರ ಯಾವ ದಿನವಾದರೂ ಒಡೆಯಬಹುದು.

ಹೀಗಾಗಿ ಐಕರುವಾ ಮಾಡಬೇಕಾದ್ದು ಒಂದೇ: ನಾಲ್ಕು ಸಂತೆ ಮುಗಿಯುವವರೆಗೆ ಆ ಎಲೆ ಕೈಗೆ ತಾಗದಂತೆ ನೋಡಿಕೊಳ್ಳುವುದು. ಅವಳು ಮೊದಲು ತನ್ನ ಬೇಲಿಯನ್ನೇ ಕಿತ್ತಳು. ಗಾಳಿಗೆ ಒಂದೆಲೆ ಉದುರಿ ಮೈಮೇಲೆ ಬಿದ್ದರೂ ಅದು ಪಟೇಲನದೇ ಎಂದಾರು ಎಂಬ ಭಯ. ಬೇಲಿ ಹೋದ ಮೇಲೆ ನೆರೆಯ ಆಡುಗಳು ನುಗ್ಗಿ ಅವರೆ ಬಳ್ಳಿ ಮೇಯ್ದವು. ಮೇಯಲಿ ಬಿಡು ಅಂದಳು.

ಮೊದಲ ವಾರ ಪಟೇಲನ ಹೆಂಡತಿ ಹುಲ್ಲಿನ ಹೊರೆ ಹೊತ್ತು ಬಂದಳು. "ನಿನ್ನ ಹಸುವಿಗೆ ಅಂತ ತಂದೆ ಕಣೆ. ಇಳಿಸ್ಕೊ, ಕತ್ತು ನೋಯ್ತಿದೆ."

ಐಕರುವಾ ಕೈ ಕಟ್ಟಿಕೊಂಡು ನಿಂತಳು. "ಅಲ್ಲೇ ಎಸೆದು ಹೋಗು. ಹಸುಗೆ ಬಾಯಿದೆ, ತಾನೇ ಬಂದು ತಿನ್ನುತ್ತೆ."

"ಇಷ್ಟು ವರ್ಷದ ಸ್ನೇಹ..."

"ಹುಲ್ಲೊಳಗೆ ಏನಿಟ್ಟಿದೀಯ, ಬಿಚ್ಚಿ ತೋರ್ಸು."

ಹೊರೆಯ ನಡುವಿನಿಂದ ಗಂಟು ಹಾಕಿದ ಎಲೆ ಇಣುಕುತ್ತಿತ್ತು. ಮಕ್ಯಾವೋ ಬೇಲಿಯಿಲ್ಲದ ಬೇಲಿಯಾಚೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಟೇಲ್ರು ಕ್ಷಮೆ ಕೇಳೋಕೂ ಕೂಲಿಯವರನ್ನ ಇಟ್ಟಿದಾರಲ್ಲೇ!"

ಎರಡನೆಯ ವಾರ ಬಾಳೆಗೊನೆಯೊಳಗೆ ಎಲೆ ಬಂತು. ಮೂರನೆಯ ವಾರ ಪಾದ್ರಿಯ ಹೆಂಡತಿ ಕೊಟ್ಟ ಹಾಡಿನ ಪುಸ್ತಕದ ಹಾಳೆಗಳ ನಡುವೆ. ಅಷ್ಟು ಹೊತ್ತಿಗೆ ಐಕರುವಾ ಒಂದು ಉದ್ದ ಕೋಲು ಇಟ್ಟುಕೊಂಡಿದ್ದಳು. ಮುಟ್ಟುವ ಮೊದಲು ಪ್ರತಿಯೊಂದನ್ನೂ ಅದರಲ್ಲಿ ತಿರುವಿ ನೋಡುವಳು. ನೆಂಟರು ತಂದ ಬೆಣ್ಣೆ, ಪಾದ್ರಿ ಚಾಚಿದ ಕೈ, ಎಲ್ಲವನ್ನೂ. ಊರು ಅವಳನ್ನು ನೋಡಿ ನಗುತ್ತಿತ್ತು, ನಗುತ್ತಲೇ ದಾರಿ ಬಿಡುತ್ತಿತ್ತು.

ಅವಳು ಬಾಣಂತಿಯರ ಮನೆಗೆ ಹೋಗುವುದನ್ನು ನಿಲ್ಲಿಸಿದ್ದೂ ಆಗಲೇ. ಆ ಕಾಲಕ್ಕೆ ಮಗು ಹೆತ್ತು ಒಳಗಿದ್ದವಳು ಪಟೇಲನ ಸೊಸೆ ನ್ಸಿಯಾ, ಅನಾಎಲಿಯ ಹೆಂಡತಿ. ಅವಳಿಗೆ ಹಿಂದೆ ಎರಡು ಬಸಿರು ನಿಂತಿರಲಿಲ್ಲ, ಇದು ಮೂರನೆಯದು. ಅರ್ಧ ಬಾಣಂತನದಲ್ಲೇ ಐಕರುವಾಳ ಮ್ತೋರಿ ತಪ್ಪಿದ ಮೊದಲ ಹೆಣ್ಣು ಅವಳೇ. ಹಾಲು ಬತ್ತಿಹೋಗುತ್ತಿದೆಯಂತೆ ಎಂದು ಮಕ್ಯಾವೋ ಹೇಳಿದಾಗ ಐಕರುವಾಳ ಕೈ ತಾನಾಗಿ ಗಡಿಗೆಯ ಕಡೆ ಹೋಯಿತು. ಮರುಕ್ಷಣ ಹಿಂದೆಳೆದುಕೊಂಡಳು. ತನ್ನ ಮಗ ವರ್ಷಗಟ್ಟಲೆ ಯಾರದೋ ಹೆಸರಿಗೆ ಓ ಅಂದು ಯಾರದೋ ಹೆಸರಲ್ಲಿ ಮಣ್ಣಾಗಿದ್ದಾನೆ. ಆ ಹೆಸರಿನವನು ಇಲ್ಲಿ ಮಗು ಎತ್ತಿ ಆಡಿಸುತ್ತಿದ್ದಾನೆ. ಹಾಲಂತೆ ಹಾಲು.

ಬಾಣಂತಿ ಮೂರು ತಿಂಗಳು ಒಳಗಿದ್ದು, ಹೊರಗೆ ಬರುವ ದಿನ ಮಿಂದು, ಎಣ್ಣೆ ಹಚ್ಚಿ, ಕೋಲು ಹಿಡಿದು ಮೊದಲು ಸಂತೆಗೇ ಬರುತ್ತಾಳೆ. ಹೆಂಗಸರೆಲ್ಲ ಅವಳನ್ನು ಸುತ್ತುಗಟ್ಟಿ, ಯುದ್ಧ ಗೆದ್ದು ಬಂದ ಗಂಡಸರಿಗೆ ಹಾಡುವ ಹಾಡನ್ನೇ ಹಾಡುತ್ತಾರೆ. ಹೆರುವುದೂ ಒಂದು ಯುದ್ಧ ಎಂದು ಲೆಕ್ಕ. ನ್ಸಿಯಾಳ ಆ ದಿನವೂ ನಾಲ್ಕನೆಯ ಸಂತೆಯೂ ಒಂದೇ ದಿನ ಬಿದ್ದವು. ದಿನ ಮುಂದೆ ಹಾಕೋಣ ಅಂದಳಂತೆ ಅತ್ತೆ. ಸವಾಯಾ ಒಪ್ಪಲಿಲ್ಲ, ಮುಂದೆ ಹಾಕಿದರೆ ಹೆದರಿದೆವೆಂದು ಒಪ್ಪಿದಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆದೀತು.

ಆ ದಿನ ಐಕರುವಾ ಗಡಿಗೆಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಸಂತೆಗೆ ಬಂದಳು. ಹಾಡು ಶುರುವಾಗಿತ್ತು. ಗೆದ್ದು ಬಂದವನೇ, ಕೋಲೂರಿ ಬಂದವನೇ, ನಿನ್ನ ತಾಯಿ ಒಲೆಯ ಮುಂದೆ ಕಾದಿದ್ದಾಳೆ. ಪ್ರತಿ ವರ್ಷ ಹತ್ತು ಬಾರಿ ಅವಳೇ ಮುಂದೆ ನಿಂತು ಹಾಡಿದ ಹಾಡು. ಅವಳು ಸಂತೆಯ ನಡುವೆ ನಿಂತು ಗಡಿಗೆಯನ್ನು ತಲೆಯ ಮೇಲಕ್ಕೆ ಎತ್ತಿದಳು. ಹಾಡು ಒಬ್ಬೊಬ್ಬರ ಬಾಯಲ್ಲೇ ನಿಂತುಹೋಯಿತು. ನ್ಸಿಯಾ ಮಗುವನ್ನು ಸೆರಗಿನೊಳಗೆ ಒತ್ತಿಕೊಂಡಳು.

ಆಗ ಸವಾಯಾ ಓಡಿ ಬಂದ, ಕೋಟು ಅರ್ಧ ಹಾಕಿಕೊಂಡು. ಹೆಂಗಸರ ಸಂತೆಗೆ ಗಂಡಸು ಕಾಲಿಡುವ ರೂಢಿಯೇ ಇಲ್ಲ. ಹೆದರಿಕೆಯ ನಡುವೆಯೂ ಒಬ್ಬಳು ಕೂಗಿದಳು, "ಯಜಮಾನ್ರೇ, ಬಾಳೆಕಾಯಿ ಮಾರೋಕೆ ಬಂದ್ರಾ?" ಇನ್ನೊಬ್ಬಳು, "ಕೋಟು ಬಿಚ್ಚಿ ಸೆರಗು ಹೊದಿಸ್ರೇ ಅವ್ರಿಗೆ!"

ಅವನ ಕೈಯಲ್ಲಿ ಗಂಟು ಹಾಕಿದ ಎಲೆ ಇತ್ತು. ಈ ಸಲ ಅವನೇ ತಂದಿದ್ದ.

"ಐಕರುವಾ, ಎಲೆ ತಗೋ. ಆಗಿದ್ದು ಆಗಿಹೋಯ್ತು."

"ತಾನಾಗಿ ಆಗೋಕೆ ಅದೇನು ಮಳೆಯಾ?" ಅವಳು ಗಡಿಗೆ ಇಳಿಸಲಿಲ್ಲ. "ಯಾರು ಮಾಡಿದ್ದು?"

"ಕಾಲ ಹಾಗಿತ್ತು..."

"ಕಾಲ ಬಂದು ನನ್ನ ಮಗನ್ನ ನಾಲೆ ಹತ್ರ ಕರೀತಾ?"

ಸವಾಯಾ ಸುತ್ತ ನೋಡಿದ. ಇನ್ನೂರು ಹೆಂಗಸರು. ಅವನ ಸೊಸೆ, ಅವಳ ಸೆರಗೊಳಗಿನ ಸಣ್ಣ ಕಾಲು.

"ನಾನು," ಅಂದ. "ನಾನೇ ಕರೆದೆ. ನಮ್ಮ ಹುಡುಗನ ಹೆಸರಿಗೆ ನಿನ್ನ ಹುಡುಗನ್ನ ಕಳಿಸಿದೆ."

"ಕಾಗದ?"

"ಬಂದಿತ್ತು. ಸುಟ್ಟೆ."

"ಆಮೇಲೆ ನನ್ನ ಏನು ಕೇಳಿದೆ ಚರ್ಚಲ್ಲಿ?"

ಅವನು ಅದನ್ನೂ ಹೇಳಿದ. ಹೇಳುವಾಗ ಅವನ ದನಿ ಎದುರಿಗಿದ್ದವರಿಗೆ ಮಾತ್ರ ಕೇಳುವಷ್ಟಾಗಿತ್ತು. "ಹಿಂದಿನವ್ರಿಗೆ ಕೇಳಿಸ್ಲಿಲ್ಲ," ಅಂದಳು ಮಕ್ಯಾವೋ. ಮತ್ತೊಮ್ಮೆ ಹೇಳಿದ.

ನ್ಸಿಯಾ ಮಾವನನ್ನೇ ನೋಡುತ್ತಿದ್ದಳು. ಅವಳಿಗೆ ಇದು ಇವತ್ತೇ ತಿಳಿದದ್ದು ಎಂದು ಅವಳ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಮಗು ಸೆರಗಿನೊಳಗೆ ಹಸಿದು ಅತ್ತಿತು. ಸಣ್ಣ, ಸೊರಗಿದ ಅಳು. ಹಾಲು ಸಾಲದ ಮಗುವಿನ ಅಳು ಹೇಗಿರುತ್ತದೆಂದು ಆ ಸಂತೆಯಲ್ಲಿ ಐಕರುವಾಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಅವಳು ಗಡಿಗೆಯನ್ನು ನಿಧಾನವಾಗಿ ಎದೆಯ ಮಟ್ಟಕ್ಕೆ ಇಳಿಸಿದಳು. ಸವಾಯಾ ಎಲೆ ಚಾಚಿದ.

"ಕೈಯಲ್ಲಿ ಗಡಿಗೆ ಇದೆಯಲ್ಲ ಯಜಮಾನ್ರೇ," ಅಂದಳು. "ಎಲೆ ಬೇಡ ಅಂದೋಳಲ್ಲ ನಾನು. ಎಲ್ಲರೂ ಕೇಳಿಸ್ಕೊಂಡ್ರಲ್ಲ? ಕೈ ಖಾಲಿ ಇಲ್ಲ ಅಷ್ಟೆ. ಒಂದು ಕೈ ಬಿಟ್ರೆ ಇದು ಜಾರಿ ಬಿದ್ದೀತು. ನಿಮ್ಮ ಹೆಸರು ನನ್ನ ನಾಲಿಗೆ ತುದೀಲೇ ಇದೆ, ಬೀಳೋವಾಗ ಬಾಯಿಗೆ ಬಂದುಬಿಟ್ರೆ?"

ಅವನು ಕೈ ಹಿಂದೆಳೆದುಕೊಂಡ. ಅವಳು ಬಂದ ದಾರಿಯಲ್ಲೇ ಗಡಿಗೆ ಹೊತ್ತು ಮನೆಗೆ ನಡೆದಳು. ಒಡೆಯಲಿಲ್ಲ. ಕ್ಷಮಿಸಲೂ ಇಲ್ಲ. ಅಂಥದ್ದನ್ನು ಊರಿನ ಹಿರಿಯರು ಕಂಡಿರಲಿಲ್ಲ. ಅವಳದು ತಪ್ಪು ಎನ್ನಲು ಕಟ್ಟಳೆಯಲ್ಲಿ ಒಂದು ಎಳೆಯೂ ಸಿಗಲಿಲ್ಲ.

ಸವಾಯಾನ ಬಾಳು ಆಮೇಲೆ ಬಾಳಾಗಲಿಲ್ಲ. ಮಂಗಿ, ಎಂದರೆ ಆ ಸೀಮೆಯ ದೊರೆ, ಸುದ್ದಿ ಕೇಳಿ ಪಟೇಲಿಕೆ ಕಿತ್ತುಕೊಂಡ. ಗೋರಿಯ ಮೇಲಿನ ಹೆಸರು ತಿದ್ದಿಸಿದರೆ ಅವಳ ಕೈ ಖಾಲಿಯಾಗಬಹುದೆಂದು ಯಾರೋ ಹೇಳಿದ್ದಕ್ಕೆ ಸವಾಯಾ ಪೇಟೆಯ ಕಚೇರಿಗೆ ಹನ್ನೊಂದು ಸಲ ನಡೆದ. ಬರೆದದ್ದು ಬರೆದಾಯಿತು ಎಂದರು ಅಲ್ಲಿ. ಸರ್ಕಾರದ ಕಾಗದದಲ್ಲಿ ಅನಾಎಲಿ ಬರ್ಮಾದಲ್ಲಿ ಸತ್ತಿದ್ದಾನೆ, ನೀನು ಅವನ ಅಪ್ಪ, ಹೆಮ್ಮೆ ಪಡು ಎಂದು ಕಳಿಸಿದರು. ಅವನು ಐಕರುವಾಳ ಬೇಲಿಯಿಲ್ಲದ ತೋಟದ ಅಂಚಿಗೆ ಬಂದು ದಿನವೂ ನಿಲ್ಲುವನು. "ಗಡಿಗೆ ಹೇಗಿದೆ ತಾಯಿ?"

"ಇವತ್ತಿಗೆ ಇದೆ," ಅನ್ನುವಳು ಅವಳು, ಹುಲ್ಲು ಕತ್ತರಿಸುತ್ತ, ತಲೆ ಎತ್ತದೆ.

ಸಂತೆ ನಡೆದ ಎಂಟನೆಯ ದಿನ ನ್ಸಿಯಾ ಬಂದಿದ್ದಳು, ಉರಿಬಿಸಿಲಲ್ಲಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ಮಗುವಿನ ಮೈ ಸುಡುತ್ತಿತ್ತು. ಒಳಗೆ ಬರದೆ ಹೊಸಿಲ ಹೊರಗೇ ನಿಂತಳು.

"ಒಡೆದಿದ್ರೆ ಹೇಳಿಬಿಡು ಅತ್ತೆಮ್ಮ. ನನ್ನ ಕೈಲಿ ಎಲೆ ಇಲ್ಲ. ಬೇಕಾದ್ರೆ ನೋಡು." ಎರಡೂ ಅಂಗೈ ಬಿಚ್ಚಿ ತೋರಿಸಿದಳು. "ಪ್ರತಿ ದಿನ ಗಂಡನ್ನ ಹೆಸರು ಹಿಡಿದು ಕರೆಯೋವಾಗ ನಿನ್ನ ಮಗನ ಗೋರಿ ಕಣ್ಣಿಗೆ ಬರುತ್ತೆ. ನನ್ನನ್ನ ಬಡಿ. ಇದನ್ನ ಬಿಟ್ಬಿಡು."

ಐಕರುವಾ ಕೋಲು ಮುಟ್ಟಲಿಲ್ಲ. ಮಗುವನ್ನು ಇಸಿದುಕೊಂಡು ಬಾಯಿ ನೋಡಿದಳು, ನೆತ್ತಿ ಮುಟ್ಟಿದಳು, ಹೊಟ್ಟೆ ಒತ್ತಿದಳು.

"ಶಾಪ ಅಲ್ಲ ಕಣೆ ಇದು, ಹಸಿವು. ಜೊತೆಗೆ ಇಷ್ಟು ಬಟ್ಟೆ ಸುತ್ತಿದೀಯ, ಬೇಯದೆ ಇನ್ನೇನು? ಬಿಚ್ಚು." ಉಗುರುಬೆಚ್ಚನೆ ನೀರಲ್ಲಿ ಮೈ ಒರೆಸಿದಳು. ಆಮೇಲೆ ಬೆಟ್ಟದ ಮುದುಕಿಯರು ಹರಸುವ ರೀತಿಯಲ್ಲಿ, ಮಗುವಿನ ಎದೆಯ ಮೇಲೆ ತುಂತುರಾಗಿ ಉಗುಳಿ ಅಂಗೈಯಿಂದ ಸವರಿದಳು. ನ್ಸಿಯಾ ಅತ್ತುಬಿಟ್ಟಳು. ಯಾರ ಉಗುಳಿನಲ್ಲಿ ಹರಕೆ ಮೈಗೆ ಬಿತ್ತೋ ಅವರ ಶಾಪ ಆ ಮೈಗೆ ಹತ್ತುವುದಿಲ್ಲ. ಇನ್ನು ಆ ಗಡಿಗೆ ನೂರು ಚೂರಾದರೂ ಬರೀ ಮಣ್ಣು.

"ಇದು ನಿನಗೂ ನನಗೂ ಗೊತ್ತಿರಲಿ," ಅಂದಳು ಐಕರುವಾ. "ನಿನ್ನ ಮಾವನಿಗೆ ಹೇಳಿದ್ರೆ ನೋಡು."

ನ್ಸಿಯಾ ಕಣ್ಣು ಒರೆಸಿಕೊಂಡಳು. "ಹೇಳಲ್ಲ," ಅಂದಳು. "ಚರ್ಚಲ್ಲಿ ನಿನ್ನನ್ನ ಹಾಗೆ ಕೇಳಿದೋನಿಗೆ ನಾನ್ಯಾಕೆ ಹೇಳ್ಲಿ?"

ಐಕರುವಾ ಗಡಿಗೆ ಕೆಳಗಿಳಿಸಿ ಬಾಳೆಕಾಯಿ ಸುಲಿಯತೊಡಗಿದಳು. ಆ ದಿನದಿಂದ ನ್ಸಿಯಾ ಹುಲ್ಲಿಗೆ ಹೋಗುವ ನೆಪದಲ್ಲಿ ಬಂದು ಮ್ತೋರಿ ತಿಂದು ಹೋಗುವಳು. ಹಾಲು ಇಳಿಯಿತು. ಮಗು ಕೈತುಂಬ ಬೆಳೆಯಿತು, ಅದರ ಹಿಂದೆ ಇನ್ನೆರಡು ಬಂದವು. ಅವುಗಳ ಎದೆಯ ಮೇಲೂ ಅವಳು ಹರಸಿ ಉಗುಳಿದಳು, ಬಾಗಿಲು ಮುಂದೆ ಮಾಡಿಕೊಂಡು. ತೋಟದ ಅಂಚಿನಲ್ಲಿ ಸವಾಯಾ ಬಂದು ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ಮೊಮ್ಮಕ್ಕಳಲ್ಲಿ ಒಂದು ಕೆಮ್ಮಿದರೆ ಅವನು ಓಡಿ ಬರುವನು. ಒಂದರ ಮೊಣಕಾಲು ತರಚಿದರೂ ಬರುವನು. "ಇವತ್ತಿಗೆ ಇದೆ." ಅಷ್ಟೇ ಉತ್ತರ. ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ಅವನ ಕೂದಲು ಉದುರಿತು, ಕೋಟು ಹೆಗಲಿಂದ ಜೋತುಬಿತ್ತು. ಐಕರುವಾಳಿಗೆ ಕನಿಕರ ಬರಲಿಲ್ಲವೇ ಎಂದರೆ, ಬಂದಿತ್ತು, ಒಮ್ಮೆ ಮಳೆಗಾಲದಲ್ಲಿ ಅವನು ನಡುಗುತ್ತ ನಿಂತಿದ್ದಾಗ. ಕಬಾವ್ ಕಣಿವೆಯಲ್ಲಿ ಮಳೆ ನಿಲ್ಲುವುದೇ ಇಲ್ಲವೆಂದು ಮಟೇಯಾ ಹೇಳಿದ್ದು ನೆನಪಾಗಿ ಅದು ಹೋಯಿತು.

ಸವಾಯಾ ಸತ್ತ ದಿನ ಮಧ್ಯಾಹ್ನ ನ್ಸಿಯಾ ಬಂದು ಒಲೆಯ ಪಕ್ಕ ಕೂತಳು.

"ಕೊನೆಗೂ ಗಡಿಗೆ ಹೇಗಿದೆ ಅಂತಲೇ ಕೇಳಿದ್ರು."

"ಏನಂದೆ?"

"ಗೊತ್ತಿಲ್ಲ ಮಾವ, ಹೋಗಿ ನೋಡ್ಕೊಂಡು ಬರ್ತೀನಿ ಅಂದೆ. ಹೊರಗೆ ಬಂದೆ. ಹಸುವಿಗೆ ಹುಲ್ಲು ಹಾಕಿದೆ. ಸಗಣಿ ಬಾಚಿದೆ. ತಿರುಗಿ ಒಳಗೆ ಹೋಗೋಷ್ಟರಲ್ಲಿ ಮುಗಿದಿತ್ತು."

ಐಕರುವಾ ಅವಳನ್ನು ನೋಡಿದಳು. "ನೀರು ಕೊಟ್ಟಿದ್ದೆಯಾ?"

"ಬೆಳಿಗ್ಗೆಯಿಂದ ಕೇಳಿದಾಗೆಲ್ಲ ಕೊಟ್ಟೆ."

"ಸರಿ. ನೀರಿಗೆ ಇಲ್ಲ ಅನ್ಬಾರ್ದು."

ಸಾವಿನ ಮನೆಗೆ ಊರೆಲ್ಲ ಹೋಯಿತು. ಐಕರುವಾ ಹೋಗಲಿಲ್ಲ.